ಸಾವಿತ್ರೀಬಾಯಿಯ ಫ್ರಿಜ್ಜಿಗೊಂದು ಇನ್ವರ್ಟರ್

ಝಳಕಿಯ ಸರ್ಕಲ್ಲಿನಲ್ಲಿ ಗುರುರಾಜರ ಮಿನಿಬಸ್ಸು ನಿಂತಲ್ಲೇ ಒದರತೊಡಗಿತು. ಕೀಂ! ಕೀಂ! ಕೀಂ! ಒದರುತ್ತಿದ್ದದ್ದು ಒಳಗಿನ ಇನ್ವರ್ಟರ್. ಮನೆಯ ಡಬಲ್ ಡೋರ್ ಫ್ರಿಜ್ಜಿನ ಭಾರ ತಾಳಲಾರೆನೆಂಬ ಆರ್ತನಾದ. ಆದರೆ ಝಳಕಿಯ ಜನ ಬಲ್ಲ ಕೀಂ ಒಂದೇ, ಗಾಡಿ ರಿವರ್ಸ್ ಬರುವ ಕೀಂ! ಚಹಾದಂಗಡಿಯಿಂದ ಐದಾರು ಮಂದಿ ಪರೋಪಕಾರಕ್ಕೆ ಓಡಿಬಂದರು.

"ಬರ್ಲಿ, ಬರ್ಲಿ! ಎಡಕ್ಕ ಕಟ್ ಮಾಡ್ರಿ ಮಾಸ್ತರ!"

"ಹಿಂದ ಬರ್ಲಿಕತ್ತಿಲ್ಲೋ, ನಿಂತೀನಿ!"

"ಮತ್ತ ಯಾಕ ಒದರಾಕತ್ತೈತ್ರಿ?"

ಸಿಂದಗಿಯಲ್ಲಿ ಎರಡು ತಲೆಮಾರಿಗೆ ವಿದ್ಯುತ್ತಿನ ಪಾಠ ಹೇಳಿದ ಗುರುರಾಜರು ತಲೆ ತಗ್ಗಿಸಿ ಇನ್ವರ್ಟರಿನ ಸ್ವಿಚ್ಚು ಆರಿಸಿದರು. ಪಂಢರಪುರದ ಯಾತ್ರೆ ಅಲ್ಲಿಗೇ ಮೊಟಕಾಗಿ, ಮಿನಿಬಸ್ಸು ನಿಜವಾಗಿಯೂ ರಿವರ್ಸ್ ಆಯಿತು, ಸಿಂದಗಿಯವರೆಗೆ!

ನಿವೃತ್ತಿಯ ದಿನ ಅವರು ಹೆಂಡತಿಯೆದುರು ಗುಡುಗಿದ್ದರು. "ಸಾವಿತ್ರೀ, ಇಷ್ಟ ವರ್ಷ ನಿನ್ನ ಎಲ್ಲೂ ಕರಕೊಂಡು ಹೋಗಲಿಲ್ಲ. ಇನ್ನ ಮನಿನ ಗಾಲಿ ಮ್ಯಾಲೆ ಇಡತೀನಿ!" ಹಳೆಯ ಮಿನಿಬಸ್ಸಿಗೆ ಮಂಚ ಬಂತು, ಒಲೆ ಬಂತು. ಸಾವಿತ್ರೀಬಾಯಿಯದು ಒಂದೇ ಕರಾರು.

"ಮನ್ಯಾಗಿನ ದೊಡ್ಡ ಫ್ರಿಜ್ ಬಂದ್ರ ನಾನೂ ಬರ್ತೀನಿ. ಇಲ್ಲಂದ್ರ ನೀವೊಬ್ಬರ ಹೋಗಿಬರ್ರಿ."

ಆಕೆಯಿಲ್ಲದ ಮೇಲೆ ಅದು ಮನೆಯೇನು, ಮಂಚವಿರುವ ಬಸ್ಸು ಅಷ್ಟೇ!

ಝಳಕಿಯ ಮುಖಭಂಗದ ನಂತರ ಆಕೆ ಮೆಲ್ಲಗೆ ಅಂದರು: "ಅದು ಚಾಲೂ ಆಗದಿದ್ರೂ ನಡೀತದ ಬಿಡ್ರಿ."

"ನಡಿಯಂಗಿಲ್ಲ! ನಿನ್ನ ಫ್ರಿಜ್ ನಾ ಓಡಿಸೇ ತೋರಸ್ತೀನಿ!"

ಮರುದಿನ ಇಂಡಿಯಲ್ಲಿ, ಹಳೆಯ ಶಿಷ್ಯ ಜುಲ್ಫಿಕರನ ಬ್ಯಾಟರಿ ಅಂಗಡಿಯ ಕೌಂಟರೇ ಗುರುರಾಜರ ಕರಿಹಲಗೆಯಾಯಿತು. "ನೋಡೋ, ಫ್ರಿಜ್ ಅಂದ್ರ ಮಲಗಿದ ಎಮ್ಮಿ ಇದ್ದಂಗ. ಎದ್ದ ಮ್ಯಾಲೆ ಸಲೀಸು. ಏಳೂ ಮುಂದ ಮಾತ್ರ ಐದಾರು ಪಟ್ಟು ಕಸುವು ಬೇಕು. ಮೊದಲಿನ ಇನ್ವರ್ಟರ್ ಎಮ್ಮಿ ಎಬ್ಬಸ್ಲಿಕ್ಕೆ ಹೋಗಿ ತಾನೇ ಮಲಗ್ತು. ಮ್ಯಾಲೆ ಅದರ ಕರೆಂಟೋ, ಹೊಲದ ದಾರಿ ಹಂಗ ಬರೇ ಕುಕ್ಕತಿತ್ತು. ನನಗ ಹೈವೇ ಹಂಗ ನುಣ್ಣಗಿರೋ ಕರೆಂಟು ಬೇಕು!"

"ತಗೋರಿ ಸರ, ಪ್ಯೂರ್ ಸೈನ್ ವೇವ್, ಎರಡು ಸಾವಿರ ವ್ಯಾಟು! ಎಮ್ಮಿ ಏನ್ರಿ, ಆನೀನ ಎಬ್ಬಸ್ತೈತಿ!"

ಗುರುರಾಜರು ಸೈನ್ ಕಂಡು ಸೈ ಎಂದರು. ಬಸ್ಸಿನಲ್ಲಿ ಕೂಡಿಸಿ ಸ್ವಿಚ್ಚೊತ್ತಿದರೆ, ಆಹಾ! ಕೀಂ ಇಲ್ಲ, ಕುಂಯ್ ಇಲ್ಲ. ತಂಬೂರಿ ಮೀಟಿದಂಥ ಸಣ್ಣ ಗುಂಯ್‌ನೊಂದಿಗೆ ಫ್ರಿಜ್ಜು ಎದ್ದಿತು! ಗುರುರಾಜರ ಕಣ್ಣಲ್ಲಿ ನೀರಾಡಿತು.

"ಒಂದ ಕಾನೂನು, ಸಾವಿತ್ರೀ. ಥಂಡಿ ಹೊರಗ ಹೋಗತದ, ದಾರಿಯೊಳಗ ಬಾಗಲಾ ತಗೀಬಾರ್ದು."

"ತಗೀಬಾರ್ದು," ಆಕೆ ಭಕ್ತಿಯಿಂದ ಅಂದರು. "ಯಾರೂ ಮುಟ್ಟಲೂಬಾರ್ದು!"

ಬದುಕಿನಲ್ಲಿ ಮೊದಲ ಬಾರಿ ತಮ್ಮ ಭೌತಶಾಸ್ತ್ರ ಮನೆಯಲ್ಲಿ ಅರ್ಥವಾಯಿತೆಂದು ಗುರುರಾಜರ ಎದೆಯುಬ್ಬಿತು.

ಈ ಸಲ ಝಳಕಿಯನ್ನು ಮೀಸೆ ತಿರುವಿಯೇ ದಾಟಿದರು. ಪಂಢರಪುರ ಮುಟ್ಟುವವರೆಗೂ ತಂಬೂರಿ ಒಮ್ಮೆಯೂ ಅಪಸ್ವರ ನುಡಿಯಲಿಲ್ಲ. ಸಾವಿತ್ರೀಬಾಯಿ ನದಿಯಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ಬಂದು ಫ್ರಿಜ್ಜಿನ ಬಾಗಿಲು ತೆಗೆದರು. ಬುತ್ತಿಯ ಚಕ್ಕುಲಿಗೆ ಜೊತೆಯಾಗುವ ತಣ್ಣನೆಯ ಮೊಸರನ್ನು ನೆನೆಯುತ್ತ ಗುರುರಾಜರು ಇಣುಕಿದರು.

ಮೊಸರಿಲ್ಲ, ಹಾಲಿಲ್ಲ, ಒಂದು ಕೊತ್ತಂಬರಿ ಎಸಳೂ ಇಲ್ಲ! ಅಟ್ಟಣಿಗೆಗೊಂದರಂತೆ ಮಡಿಚಿಟ್ಟ ಒಂಬತ್ತು ಗಜದ ಸೀರೆಗಳು. ಮೇಲೆ ಫ್ರೀಜರಿನಲ್ಲಿ ಅವರದೇ ಪಂಚೆ, ಹಪ್ಪಳದಂತೆ ಸೆಟೆದು ಕುಳಿತಿತ್ತು.

"ಸಾವಿತ್ರೀ... ನಿನಗ ಈ ಫ್ರಿಜ್ ಯಾತಕ್ಕ ಬೇಕಾಗಿತ್ತು?"

"ಮಡಿ ಬಟ್ಟಿ ಇಡ್ಲಿಕ್ರಿ. ಈ ಬಸ್ಸಿನ್ಯಾಗ ಎಲ್ಲಿ ಹಾಕಿದ್ರೂ ನಿಮ್ಮ ತಲಿ ತಗಲ್ತದ. ಇದಕ್ಕ ಭದ್ರ ಬಾಗಲಾ ಅದ, ಯಾರೂ ಮುಟ್ಟಂಗಿಲ್ಲ," ಎಂದ ಸಾವಿತ್ರೀಬಾಯಿ ನಡುಗುತ್ತ ಸೀರೆ ಎತ್ತಿಕೊಂಡರು. "ನಿಮ್ಮ ಕಾಲಿಗೆ ಬೀಳ್ತೀನಿ, ಇನ್ನಾದ್ರೂ ಆ ಕರೆಂಟ್ ಬಂದ್ ಮಾಡ್ರಿ. ಉಟ್ಟಕೊಂಡ್ರ ಹಲ್ಲು ಕಟಕಟ ಅಂತಾವ!"