ಗೋಡೆಯಾಚೆಯ ಶಾಂತಕ್ಕ ಮತ್ತು ನನ್ನ ತಟ್ಟುವ ಚಿಕಿತ್ಸೆ

ಸಿಟ್ಟು ಹುಬ್ಬಿನ ತುದಿಯಲ್ಲಿ ವಾಸವಾಗಿರುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಮುಂಡಗೋಡದ ನನ್ನ ನಾದಿನಿ ಯಾವುದೋ ಶಿಬಿರಕ್ಕೆ ಹೋಗಿಬಂದು ಫೋನಿನಲ್ಲೇ ನನಗೆ ವಿದ್ಯಾದಾನ ಮಾಡಿದಳು. ನೆತ್ತಿ, ಹುಬ್ಬು, ಕಣ್ಣಿನ ಕೆಳಗೆ, ಮೂಗಿನ ಕೆಳಗೆ, ಗದ್ದ, ಹೀಗೆ ಒಂದೊಂದು ಕಡೆ ಬೆರಳಿನಿಂದ ತಟ್ಟಬೇಕು. ತಟ್ಟುತ್ತಾ ಮನಸ್ಸಿನ ಸಂಕಟವನ್ನು ಬಾಯಿಬಿಟ್ಟು ಹೇಳಬೇಕು. ಕೊನೆಗೆ ‘ಆದರೂ ನಾನು ನನ್ನನ್ನು ಮನಸಾರೆ ಒಪ್ಪಿಕೊಳ್ಳುತ್ತೇನೆ’ ಎನ್ನಬೇಕು. ತಡೆದಿದ್ದ ಶಕ್ತಿ ಹರಿದು ಮನಸ್ಸು ಹಗುರಾಗುತ್ತದಂತೆ. ಜೋಳದ ರೊಟ್ಟಿ ಬಡಿದು ಪಳಗಿದ ಕೈ ನನ್ನದು. ಇಷ್ಟು ತಟ್ಟುವುದು ಯಾವ ಮಹಾ ವಿದ್ಯೆ!

ನನ್ನ ಸಿಟ್ಟು ಇದ್ದದ್ದು ಪಕ್ಕದ ಮನೆಯ ಶಾಂತಕ್ಕನ ಮೇಲೆ. ದಾಂಡೇಲಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮಗೂ ಅವರಿಗೂ ಒಂದೇ ಗೋಡೆ. ಅದೂ ಹಂಚಿನವರೆಗೆ ಮುಟ್ಟಿಲ್ಲ. ಅವರು ಒಗ್ಗರಣೆ ಹಾಕಿದರೆ ನಾವು ಸೀನುತ್ತೇವೆ. ನನ್ನ ಮಗಳು ಬೆಳೆದದ್ದೇ ಅವಳ ತೊಡೆಯ ಮೇಲೆ. ಅಂಥ ಶಾಂತಕ್ಕ ಈ ಸಲದ ಪಂಚಮಿಗೆ ಡಬ್ಬಿ ತುಂಬ ಎಳ್ಳುಂಡಿ ಕಳಿಸಿದಳು. ನಾನು ತಾಟಿನ ತುಂಬ ಶೇಂಗಾ ಉಂಡಿ ಕಳಿಸಿದೆ. ಮರುದಿನ ನಳದ ಹತ್ತಿರ ಓಣಿಯ ಹೆಂಗಸರೆಲ್ಲ ಕೇಳುವಂತೆ, ನನ್ನ ಉಂಡಿ ಒಡೆಯಲು ಕಬ್ಬಿಣದ ಹಾರಿ ಬೇಕೆಂದು ಹೇಳಿ ನಕ್ಕಳು. ಅಂದೇ ಮಾತು ನಿಂತಿತು.

ಉಳಿದದ್ದು ಅವಳ ಡಬ್ಬಿ. ನಮ್ಮಲ್ಲಿ ತುಂಬಿ ಬಂದ ಪಾತ್ರೆಯನ್ನು ಬರಿದು ತಿರುಗಿಸಬಾರದು. ಖಾಲಿ ಕೊಟ್ಟರೆ ನನ್ನ ಮನೆತನದ ಮಾನ ಹೋಗುತ್ತದೆ, ತುಂಬಿ ಕೊಟ್ಟರೆ ನಾನು ಸೋತಂತಾಗುತ್ತದೆ. ಹಾಗಾಗಿ ಡಬ್ಬಿ ನಮ್ಮ ಗೋಡೆಯ ಮಾಡದಲ್ಲಿ ಕುಳಿತು ದಿನವೂ ನನ್ನನ್ನು ನೋಡುತ್ತಿತ್ತು.

ಅಷ್ಟರಲ್ಲಿ ಬಸುರಿ ಮಗಳ ಸೀಮಂತದ ಕುಬಸ ಬಂತು. ರವಿವಾರ ನಮ್ಮ ಮನೆಯಲ್ಲೇ ಉಡಿ ತುಂಬಬೇಕು. ಹಳಿಯಾಳದಿಂದ ಮಗಳು ಫೋನಿನಲ್ಲಿ ಖಡಾಖಂಡಿತ ಹೇಳಿಬಿಟ್ಟಳು: “ಯವ್ವಾ, ಶಾಂತಕ್ಕ ಆರತಿ ಹಿಡಿಲಿಲ್ಲಂದ್ರ ನನಗ ಕುಬಸಾನ ಬ್ಯಾಡ.”

ಕರೆಯದೆ ಗತಿಯಿಲ್ಲ. ಆದರೆ ಅವಳ ಬಾಗಿಲಿಗೆ ಹೋಗಲು ಸಿಟ್ಟು ಬಿಡುತ್ತಿಲ್ಲ. ರವಿವಾರದೊಳಗೆ ಸಿಟ್ಟನ್ನು ಮನೆಯಿಂದ ಹೊರಹಾಕಲೇಬೇಕು ಎಂದು ಚಿಕಿತ್ಸೆ ಶುರು ಮಾಡಿದೆ.

ಮೊದಲ ಪ್ರಯೋಗ ಗಂಡನ ಮೇಲೆ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದವರ ನೆತ್ತಿಯ ಮೇಲೆ ಶಾಸ್ತ್ರೋಕ್ತವಾಗಿ ತಟ್ಟಿದೆ. ಅವರು ಕಣ್ಣು ಬಿಟ್ಟರು. “ಬಲತೈತೋ ಇಲ್ಲೋ ಅಂತ ನೋಡಾಕ ಇದೇನ ಟೆಂಗಿನಕಾಯೇನ?” ಎಂದು ಕೇಳಿ ಮುಸುಕೆಳೆದುಕೊಂಡರು. ರೋಗಿಗೆ ಇಲ್ಲದ ಸಿಟ್ಟು ಬಂದದ್ದೇ ಆ ಪ್ರಯೋಗದ ಫಲ.

ಸರಿ, ನನಗೆ ನಾನೇ ವೈದ್ಯಳಾಗಬೇಕೆಂದು ತೀರ್ಮಾನಿಸಿ ಅಡಿಗೆಮನೆಗೆ ಬಂದೆ. ಕುಬಸದ ಊಟಕ್ಕೆ ರಂಜಕ ಬೇಕಿತ್ತು. ಹಸಿ ಕೆಂಪು ಮೆಣಸಿನಕಾಯಿಯನ್ನು ಬೆಳ್ಳುಳ್ಳಿ, ಉಪ್ಪಿನ ಜೊತೆ ಒಳಕಲ್ಲಿಗೆ ಹಾಕಿ ರುಬ್ಬಿ, ಕೈಯಿಂದ ಬಳಿದು ತೆಗೆಯುತ್ತಿದ್ದೆ. ಆಗ ಗೋಡೆಯಾಚೆ ಶಾಂತಕ್ಕ ನಕ್ಕಳು. ಯಾತಕ್ಕೆ ನಕ್ಕಳೋ, ನನಗಂತೂ ಉಂಡಿಯೇ ನೆನಪಾಯಿತು. ಸಿಟ್ಟು ಬಂದ ಗಳಿಗೆಯಲ್ಲೇ ತಟ್ಟಬೇಕು, ತಡ ಮಾಡಬಾರದು ಎಂದು ನಾದಿನಿ ಹೇಳಿದ್ದಳು. ನಾನು ವಿಧೇಯ ವಿದ್ಯಾರ್ಥಿನಿ. ತಡ ಮಾಡಲಿಲ್ಲ. ಕೈಯನ್ನೂ ತೊಳೆಯಲಿಲ್ಲ!

ಹುಬ್ಬು ತಟ್ಟಿದೆ. “ಶಾಂತಕ್ಕ ನನ್ನ ಉಂಡಿಗೆ ನಕ್ಕಳು.” ಕಣ್ಣಿನ ಕೆಳಗೆ ತಟ್ಟಿದೆ. “ನಾಲ್ಕು ಮಂದಿ ಮುಂದೆ ಮಾನ ಕಳೆದಳು.” ಮೂಗಿನ ಕೆಳಗೆ ತಟ್ಟುವಾಗ ಮುಂದಿನ ಮಾತು ನಾನು ಯೋಚಿಸದೆಯೇ ಹೊರಬಿತ್ತು. “ಅಕಿ ಮಾತಾಡ್ಸದ ಮನಿ ಭಣಭಣ ಅನ್ನಾಕತ್ತೈತಿ. ಅಕಿನ್ನ ಬಿಟ್ಟು ನನಗ ಇರಾಕ ಆಗವಲ್ದು.”

ಗೋಡೆಯಾಚೆಯ ನಗು ನಿಂತಿತು. ನನ್ನ ಕಣ್ಣಲ್ಲಿ ನೀರು ಬಂತು. ಆಹಾ, ಚಿಕಿತ್ಸೆ ಫಲಿಸಿತು ಎಂದುಕೊಂಡೆ. ನೀರು ಹೆಚ್ಚಾಯಿತು. ಆಮೇಲೆ ಉರಿ ಬಂತು. ನನ್ನನ್ನು ನಾನು ಮನಸಾರೆ ಒಪ್ಪಿಕೊಳ್ಳುವ ಮೊದಲೇ ಯವ್ವಾ ಎಂದು ಇಡೀ ಓಣಿಗೆ ಕೇಳುವಂತೆ ಕೂಗಿದೆ.

ಗಂಡ ಎದ್ದು ಬರುವುದರೊಳಗೆ ಹಿತ್ತಲ ಬಾಗಿಲಿನಿಂದ ಶಾಂತಕ್ಕ ಒಳಗೆ ಬಂದಿದ್ದಳು. ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ತಣ್ಣೀರು ಹೊಡೆದಳು, ಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಮುಖ ಒರೆಸಿದಳು. ಗೋಡೆಯಾಚೆಯಿಂದ ಎಲ್ಲವನ್ನೂ ಕೇಳಿದ್ದಳು, ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅವಳ ಮೂಗೂ ಕೆಂಪಾಗಿತ್ತು. ಅದು ರಂಜಕದಿಂದಲ್ಲ.

“ಅವತ್ತ ಚಾಷ್ಟಿಗೆ ಅಂದಿದ್ದೆ, ಅನ್ನಬಾರದಿತ್ತು. ನೀ ಡಬ್ಬಿ ಕೊಡಾಕರ ಬರ್ತೀ ಅಂತ ದಿನಾ ಬಾಗಲಾ ನೋಡಾಕತ್ತಿದ್ದೆ” ಎಂದಳು.

ನಾನು ಕಣ್ಣು ಬಿಡಲಾಗದೆ ಅವಳ ಸೆರಗು ಹಿಡಿದುಕೊಂಡೆ. ರವಿವಾರ ಆರತಿ ಹಿಡಿಯಬೇಕೆಂದು ಕೇಳಿದೆ. “ಹಿಡೀದ ಏನ ಮಾಡ್ಲಿ, ನನ್ನ ಮಗಳ ಕುಬಸ ಅದು” ಎಂದಳು. ಅಷ್ಟು ದಿನದ ಭಾರ ಆ ಒಂದು ಮಾತಿಗೆ ಇಳಿಯಿತು. ನನಗೆ ನಿಜಕ್ಕೂ ಬಹಳ ಸಂತೋಷವಾಯಿತು.

ಸಂಜೆ ಊದಿದ ಮುಖ ಹೊತ್ತುಕೊಂಡೇ ಬೆಲ್ಲದ ಪಾಕ ಇಟ್ಟೆ. ಈ ಸಲ ಎಚ್ಚರ ವಹಿಸಿ ಉಂಡಿ ಕಟ್ಟಿ, ಡಬ್ಬಿ ತುಂಬಿ, ತಲೆಯೆತ್ತಿ ನಡೆದು ಹೋಗಿ ಶಾಂತಕ್ಕನ ಕೈಗೆ ಕೊಟ್ಟು ಬಂದೆ. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಟಪ್ ಟಪ್ ಎಂದು ಸಪ್ಪಳ ಕೇಳಿಬಂತು. ನೋಡಿ, ನನ್ನಿಂದ ಕಲಿತು ಶಾಂತಕ್ಕನೂ ತಟ್ಟಿಕೊಳ್ಳುತ್ತಿದ್ದಾಳೆ ಎಂದು ಗಂಡನ ಮುಂದೆ ಹೆಮ್ಮೆಪಟ್ಟೆ.

ಅವರು ಗೋಡೆಗೆ ಕಿವಿಯಿಟ್ಟು ಕೇಳಿದರು. “ತಟ್ಟೂ ಸಪ್ಪಳ ಅಲ್ಲ ಇದು. ಒಳಕಲ್ಲಾಗ ಹಾಕಿ ನಿನ್ನ ಉಂಡಿ ಕುಟ್ಟಾಕತ್ತಾರ” ಎಂದರು.

ನನ್ನ ಕೈ ತಾನಾಗಿಯೇ ಹುಬ್ಬಿನತ್ತ ಏರಿತು. ತಡೆದು, ಬಚ್ಚಲಿಗೆ ಹೋಗಿ, ಮೊದಲು ಕೈ ತೊಳೆದುಕೊಂಡೆ.