ಕೂಸಿನ ಹೊಟ್ಟೆಯಲ್ಲಿ ಫೋನು

ಈಕ್ವೆಡಾರಿನ ಯಾವ ಕಳ್ಳನೂ ನನ್ನ ಫೋನನ್ನು ಮುಟ್ಟಲಾರ ಎಂದು ನವೆಂಬರ್ ಒಂದರ ಬೆಳಿಗ್ಗೆ ನಾನು ಶಪಥ ಮಾಡಿದೆ. ಶಪಥ ನಿಜವಾಯಿತು. ಕಳ್ಳ ಮುಟ್ಟಲಿಲ್ಲ. ನನಗೂ ಮುಟ್ಟಲಾಗಲಿಲ್ಲ.

ಮರುದಿನ ಸತ್ತವರ ಹಬ್ಬ. ಅಂಬಾತೊದಿಂದ ರಿಯೊಬಾಂಬಾಕ್ಕೆ ಬಸ್ಸಿನಲ್ಲಿ ಹೋಗಿ ಅಮ್ಮನ ಗೋರಿಯ ಬಳಿ ಕೂರಬೇಕು. ಪ್ರತಿ ವರ್ಷವೂ ಒಬ್ಬಳೇ ಹೋಗುತ್ತೇನೆ. ಈ ಸಲ ತಂಗಿ ಗ್ರಿಮನೇಸಾ ಬರುವವಳಿದ್ದಳು. ಅಮ್ಮನ ಒಲೆ ಯಾರಿಗೆ ಎಂಬ ಜಗಳದಲ್ಲಿ ನಾವಿಬ್ಬರೂ ಹನ್ನೊಂದು ವರ್ಷ ಮಾತು ಬಿಟ್ಟಿದ್ದೆವು. ಈಗ ಗ್ವಾಯಾಕಿಲ್‌ನಿಂದ ತಾನಾಗಿಯೇ ಫೋನ್ ಮಾಡಿದ್ದಳು.

"ಹನ್ನೊಂದು ಗಂಟೆಗೆ ಬಸ್ಸಿಳೀತೀನಿ. ಇಳಿದ ಕೂಡಲೇ ಫೋನ್ ಮಾಡ್ತೀನಿ. ನೀನು ಎತ್ತಲಿಲ್ಲ ಅಂದ್ರೆ ಸಿಟ್ಟು ಇನ್ನೂ ಇಳಿದಿಲ್ಲ ಅಂತ ತಿಳ್ಕೊಂಡು ಅದೇ ಬಸ್ಸಲ್ಲಿ ವಾಪಸ್ ಹೋಗ್ತೀನಿ."

"ಎತ್ತದೆ ಏನು ಮಾಡ್ತೀನೇ?"

"ನಿನ್ನನ್ನ ನಂಬೋಕಾಗಲ್ಲ ಅಕ್ಕ. ಮದುವೆಗೇ ಎರಡು ಗಂಟೆ ತಡವಾಗಿ ಬಂದೋಳು ನೀನು."

"ಯಾರ ಮದುವೆಗೆ?"

"ನಿನ್ನ ಮದುವೆಗೇ."

ನಾನು ಕೂಡಲೇ ಔಷಧಿ ಅಂಗಡಿಯ ಅಪಾರಿಸಿಯೊ ಹತ್ತಿರ ಹೋದೆ. ನಮ್ಮ ಬೀದಿಯಲ್ಲಿ ಕೆಮ್ಮಿಗೂ ಫೋನಿಗೂ ಅವನೇ ವೈದ್ಯ.

"ನೋಡಿ ಎರ್ಮೆಲಿಂದಮ್ಮ, ಹಬ್ಬದ ದಿನ ಬಸ್ಸಲ್ಲಿ ಜನಕ್ಕಿಂತ ಕಳ್ಳರೇ ಜಾಸ್ತಿ. ಫೋನಿಗೆ ಬೀಗದ ನಂಬರ್ ಹಾಕ್ಕೊಳ್ಳಿ, ಯಾರಿಗೂ ಹೇಳ್ಬೇಡಿ. ಮನೇಲೇ ಪೂರ್ತಿ ಚಾರ್ಜ್ ಮಾಡ್ಕೊಳ್ಳಿ. ನಿಲ್ದಾಣದಲ್ಲಿ ಪುಕ್ಕಟೆ ಇಂಟರ್ನೆಟ್ ಸಿಗುತ್ತೆ ಅಂತ ಸೇರಿಸ್ಬೇಡಿ."

"ಕಳ್ಳ ಚಾಕು ತೋರಿಸಿದ್ರೆ?"

"ಅವನಿಗೆ ಕೊಡೋಕೆ ಅಂತ ಒಂದು ಹಳೇ ಫೋನ್ ಪರ್ಸಲ್ಲಿರಲಿ. ಎಲ್ಲರೂ ಹಾಗೇ ಮಾಡೋದು. ಅಸಲಿ ಫೋನನ್ನ ಯಾರ ತಲೆಗೂ ಹೊಳೀದ ಜಾಗದಲ್ಲಿಡಿ. ಮತ್ತೆ ತಂಗಿ ನಂಬರನ್ನ ಒಂದು ಚೀಟೀಲಿ ಬರೆದು ಭದ್ರವಾಗಿಟ್ಕೊಳ್ಳಿ."

ನಾನು ಓದಿದವಳಲ್ಲ. ಆದರೆ ಹೇಳಿದ್ದನ್ನು ಹೇಳಿದಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಬೀಗದ ನಂಬರ್ ಹಾಕಿಸಿದೆ. ರಾತ್ರಿಯಿಡೀ ಚಾರ್ಜಿಗಿಟ್ಟೆ. ತೀರಿಕೊಂಡ ಯಜಮಾನರ ಕೆಟ್ಟುಹೋದ ಫೋನನ್ನು ಒರೆಸಿ, ಕಳ್ಳನಿಗೆ ಬೇಸರವಾಗದ ಹಾಗೆ ಹೊಳಪು ಬರಿಸಿ, ಪರ್ಸಿನಲ್ಲಿಟ್ಟೆ. ಉಳಿದದ್ದು ಅಸಲಿ ಫೋನು.

ಸತ್ತವರ ಹಬ್ಬಕ್ಕೆ ನಮ್ಮಲ್ಲಿ ಬ್ರೆಡ್ಡಿನ ಕೂಸು ಸುಡುತ್ತೇವೆ. ಬಟ್ಟೆಯಲ್ಲಿ ಸುತ್ತಿದ ಮಗುವಿನ ಆಕಾರ, ಮೇಲೆ ಬಣ್ಣದ ಸಕ್ಕರೆಯ ಕಣ್ಣು, ಮೂಗು, ನಡುಪಟ್ಟಿ. ನಾನು ನಾಲ್ಕು ಕೂಸು ಸುಟ್ಟೆ. ಒಂದರ ಬೆನ್ನು ಸೀಳಿ ತಿರುಳು ತೆಗೆದೆ. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗೆ ಮಲಗಿಸಿದೆ. ತಂಗಿಯ ನಂಬರಿನ ಚೀಟಿಗೆ ಇದಕ್ಕಿಂತ ಭದ್ರವಾದ ಜಾಗ ಎಲ್ಲಿದೆ? ಅದನ್ನೂ ಜೊತೆಗೇ ಇಟ್ಟು ಸಕ್ಕರೆ ಪಾಕದಿಂದ ಬೆನ್ನು ಮುಚ್ಚಿದೆ. ಕೈಗೆತ್ತಿಕೊಂಡ ಕಳ್ಳನಿಗೆ ಭಾರದಲ್ಲಿ ಅನುಮಾನ ಬರಬಾರದೆಂದು ತಕ್ಕಡಿಯಲ್ಲಿಟ್ಟು ನಾಲ್ಕನ್ನೂ ತೂಗಿ ಸರಿ ಮಾಡಿದೆ. ನಾಲ್ಕಕ್ಕೂ ಒಂದೇ ಕಣ್ಣು, ಒಂದೇ ಮೂಗು, ನಡುಪಟ್ಟಿಗೆ ಏಳೇಳು ಗೆರೆ. ಹೆತ್ತ ತಾಯಿಗೂ ಗುರುತು ಸಿಗಬಾರದು, ಹಾಗೆ. ಫೋನಿನ ಕೂಸನ್ನು ಬುಟ್ಟಿಯ ತಳದಲ್ಲಿಟ್ಟೆ. ಹತ್ತೂವರೆಗೆ ಹೊರತೆಗೆದು ಕೈಯಲ್ಲಿ ಹಿಡಿದುಕೊಂಡರಾಯಿತು ಎಂಬುದು ನನ್ನ ಲೆಕ್ಕಾಚಾರ.

ಬಸ್ಸಿನಲ್ಲಿ ನಾನು ಪರ್ಸನ್ನು ಅವುಚಿಕೊಂಡು, ಪಕ್ಕದಲ್ಲಿ ಕೂತ ಪಾದ್ರಿಯೊಬ್ಬರನ್ನು ಕಣ್ಣು ಮಿಟುಕಿಸದೆ ಕಾಯುತ್ತಿದ್ದೆ. ಅವರ ಕೈಗಳು ನಿಲುವಂಗಿಯ ಒಳಗಿದ್ದದ್ದು ನನಗೆ ಸರಿ ಕಾಣಲಿಲ್ಲ. ಇಳಿಯುವಾಗ ಕಂಡಕ್ಟರ್ ಬುಟ್ಟಿ ಎತ್ತಿಕೊಟ್ಟ.

"ತಿರುವಲ್ಲಿ ಬುಟ್ಟಿ ಉರುಳಿತ್ತು ಅಜ್ಜಿ. ಎಲ್ಲಾ ಒರೆಸಿ ಜೋಡಿಸಿದ್ದೀನಿ. ಒಂದೂ ಮುರಿದಿಲ್ಲ."

"ದೇವರು ನಿನ್ನ ಚೆನ್ನಾಗಿಟ್ಟಿರಲಪ್ಪ," ಎಂದೆ. ಅವನ ಮಾತಿನ ಅರ್ಥ ನನಗೆ ಹೊಳೆದದ್ದು ಹತ್ತೂ ನಲವತ್ತಕ್ಕೆ.

ಸ್ಮಶಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಮ್ಮನ ಗೋರಿಯನ್ನು ತೊಳೆದು ಹೂ ಇಟ್ಟು ಕೂರುವಷ್ಟರಲ್ಲಿ ಯಾರೋ ಒಬ್ಬ ಹೆಂಗಸು, ಒಬ್ದುಲಿಯಾ ಎಂದು ಹೆಸರು, ಒಂದು ಲೋಟ ಹಬ್ಬದ ಬಿಸಿ ನೇರಳೆ ಬಣ್ಣದ ಗಂಜಿ ತಂದುಕೊಟ್ಟಳು. ಆ ದಿನ ಗೋರಿಯ ಬಳಿ ಕೊಟ್ಟದ್ದನ್ನು ಬೇಡ ಎನ್ನಬಾರದು, ಬರಿಗೈಯಲ್ಲಿ ಕಳಿಸಲೂಬಾರದು. ಬುಟ್ಟಿಯ ಮೇಲಿದ್ದ ಕೂಸನ್ನು ಕೊಟ್ಟೆ. ಅವಳು ಹೊಗಳುತ್ತಾ ಹೋದಳು.

ಹತ್ತೂವರೆಗೆ ತಳದ ಕೂಸನ್ನು ತೆಗೆದು ಬೆನ್ನು ಮುರಿದೆ. ಬರೀ ಬ್ರೆಡ್ಡು. ಕೈ ತಪ್ಪಿರಬೇಕೆಂದು ಎರಡನೆಯದರ ಹೊಟ್ಟೆ ಬಗೆದೆ. ಬ್ರೆಡ್ಡು. ಮೂರನೆಯದರ ಕತ್ತು ಮುರಿದೆ. ಮುದುಕಿಯೊಬ್ಬಳು ತಾಯಿಯ ಗೋರಿಯ ಮೇಲೆ ಕೂತು ಒಂದರ ಹಿಂದೊಂದು ಕೂಸು ಸಿಗಿಯುವುದನ್ನು ನೋಡಿ ಪಕ್ಕದವರು ತಮ್ಮ ಮಕ್ಕಳನ್ನು ಹತ್ತಿರ ಎಳೆದುಕೊಂಡರು.

"ಏನು ಹುಡುಕ್ತಿದ್ದೀರಿ ಅಜ್ಜಿ?"

"ತಂಗೀನ," ಎಂದೆ.

ಆಗ ಕಂಡಕ್ಟರನ ಮಾತು ಹೊಳೆಯಿತು. ಯಾರ ಫೋನಾದರೂ ಕೇಳಿ ಪಡೆಯಬಹುದಿತ್ತು. ನಂಬರಿನ ಚೀಟಿಯೂ ಫೋನಿನ ಜೊತೆ ಭದ್ರವಾಗಿತ್ತು.

ಒಬ್ದುಲಿಯಾಳನ್ನು ಹುಡುಕುತ್ತಾ ಹೊರಟೆ. ಸಾವಿರಾರು ಗೋರಿ, ಎಲ್ಲದರ ಮೇಲೂ ಬ್ರೆಡ್ಡಿನ ಕೂಸು. ಸಾಲು ಬಿಡದೆ ನೋಡುತ್ತಾ ಹೋದೆ. ಎಂಟನೆಯ ಸಾಲಿಗೆ ಬರುವಾಗ ಚರ್ಚಿನ ಗಡಿಯಾರ ಹನ್ನೊಂದು ಹೊಡೆಯಿತು. ಹದಿನೈದು ನಿಮಿಷ, ಇಪ್ಪತ್ತು ನಿಮಿಷ. ಗ್ವಾಯಾಕಿಲ್‌ಗೆ ಹಿಂದಿರುಗುವ ಬಸ್ಸು ಯಾವಾಗ ಹೊರಡುತ್ತದೋ ನನಗೆ ಗೊತ್ತಿರಲಿಲ್ಲ. ಅವಳು ಹಟದವಳು, ಅಷ್ಟು ಮಾತ್ರ ಗೊತ್ತಿತ್ತು. ನನಗೀಗ ಎಪ್ಪತ್ತಾರು. ಇನ್ನೊಂದು ಹನ್ನೊಂದು ವರ್ಷ ನನ್ನ ಬಳಿ ಇರಲಿಲ್ಲ.

ಆಗ ಮೇಲಿನ ಸಾಲಿನಲ್ಲಿ ಹುಂಜ ಕೂಗಿತು.

ನನ್ನ ಕಿವಿ ಮಂದವೆಂದು ಅಪಾರಿಸಿಯೊ ಫೋನಿಗೆ ಹುಂಜದ ಕೂಗು ಹಾಕಿಕೊಟ್ಟಿದ್ದ. ಬಿದ್ದೆನೋ ಎದ್ದೆನೋ ಎಂದು ಓಡಿದೆ. ಒಬ್ದುಲಿಯಾಳ ಮನೆಯವರೆಲ್ಲ ಅವಳ ಗಂಡ ಟೆಲೆಸ್ಫೊರೊನ ಗೋರಿಯ ಸುತ್ತ ಮೊಣಕಾಲೂರಿ ಬಿಳಿಚಿಕೊಂಡಿದ್ದರು. ಜಪ ಹೇಳಿಸುತ್ತಿದ್ದವನ ಬಾಯಿ ತೆರೆದೇ ಇತ್ತು. ಗೋರಿ ಇನ್ನೊಮ್ಮೆ ಕೂಗಿತು.

"ಬದುಕಿದ್ದಾಗ ಒಂದಿನಾನೂ ಬೇಗ ಎದ್ದೋರಲ್ಲ," ಎಂದು ಒಬ್ದುಲಿಯಾ ಶಿಲುಬೆಯ ಗುರುತು ಮಾಡಿಕೊಂಡಳು.

"ಅದು ನಂದು ಕಣಮ್ಮ. ಕೂಸಿನ ಹೊಟ್ಟೇಲಿ ನನ್ನ ಫೋನಿದೆ. ಕೊಟ್ಬಿಡಿ."

ಅವಳ ಭಯ ಇಳಿದು ಸಿಟ್ಟು ಏರಿತು. "ಸತ್ತೋರಿಗೆ ಇಟ್ಟಿದ್ದನ್ನ ಜಪ ಮುಗಿಯೋ ಮುಂಚೆ ಎತ್ತಬಾರದು. ಇಷ್ಟು ವಯಸ್ಸಾಗಿದೆ, ಗೊತ್ತಿಲ್ವಾ ನಿಮಗೆ?"

ಗೊತ್ತಿತ್ತು. ಅದಕ್ಕೇ ಕೈ ಮುಂದೆ ಬರಲಿಲ್ಲ. "ಇನ್ನೆಷ್ಟಿದೆ ಜಪ?"

"ಇಪ್ಪತ್ತು."

ನಾನೂ ಮೊಣಕಾಲೂರಿದೆ. ಹುಂಜ ಕೂಗಿ ನಿಂತಿತು. ಮತ್ತೆ ಕೂಗಿತು. ಪ್ರತಿ ಸಲ ನಿಂತಾಗಲೂ ಇದೇ ಕೊನೆಯದಿರಬೇಕು, ಈಗ ಬಸ್ಸು ಹತ್ತಿರಬೇಕು ಎನಿಸುತ್ತಿತ್ತು. ಜಪದವನು ನಿಧಾನಸ್ಥ. ನಾನು ಅವನಿಗಿಂತ ಅರ್ಧ ಸಾಲು ಮುಂದೆ ಓಡುತ್ತಿದ್ದೆ. "ನಿಮ್ಮಮ್ಮನ ಮೇಲಾಣೆ ಅಪ್ಪ, ಸ್ವಲ್ಪ ಬೇಗ," ಎಂದೆ. ಅವನು ತಲೆಯೆತ್ತಿ ನೋಡಿ ಆ ಜಪವನ್ನೇ ಮೊದಲಿನಿಂದ ಆರಂಭಿಸಿದ.

ಹದಿನೇಳನೆಯದಕ್ಕೆ ಹುಂಜ ಮತ್ತೆ ಕೂಗಿತು. ಯಾರೋ ನನ್ನ ಬೆನ್ನ ಹಿಂದೆ ಬಂದು ನಿಂತರು.

"ಅದ್ಯಾಕೆ ನಾನು ಇಲ್ಲಿ ಒತ್ತಿದಾಗಲೆಲ್ಲ ಈ ಗೋರಿ ಕೂಗುತ್ತೆ?"

ಗ್ರಿಮನೇಸಾ ನಿಂತಿದ್ದಳು. ಕೂದಲು ಪೂರ್ತಿ ನೆರೆತಿತ್ತು. ದಾರ ಕಟ್ಟಿದ ಫೋನು ಅವಳ ಕೊರಳಿನಿಂದ ಎಲ್ಲರಿಗೂ ಕಾಣುವಂತೆ ತೂಗುತ್ತಿತ್ತು. ಐದು ಗಂಟೆ ದಾರಿ ಹಾಗೇ ಬಂದಿದ್ದಳಂತೆ, ಯಾರೂ ಮುಟ್ಟಿರಲಿಲ್ಲ.

ಜಪ ಮುಗಿಯಿತು. ಒಬ್ದುಲಿಯಾ ಕೂಸನ್ನು ಎತ್ತಿ ನನ್ನ ಕೈಗಿತ್ತಳು. ಒಡೆದು ಫೋನು ತೆಗೆದೆ. ಅಕ್ಷರ ನನಗೆ ನಿಧಾನ, ಅಂಕಿ ಚೆನ್ನಾಗಿ ಗೊತ್ತು. ತಪ್ಪಿದ ಕರೆ ಹದಿನಾಲ್ಕು.

ಲೆಕ್ಕ ಲೆಕ್ಕವೇ. "ಒಂದು ಸಲ ಎತ್ತದಿದ್ರೆ ವಾಪಸ್ ಅಂದಿದ್ಯಲ್ಲೇ. ಹದಿನಾಲ್ಕು ಸಲ ಮಾಡಿದ್ದೀಯ."

"ಮೊದಲನೇದು ಬಂದೆ ಅಂತ ಹೇಳೋಕೆ ಮಾಡಿದ್ದು," ಎಂದಳು ತಂಗಿ, ಗೋರಿಯ ಅಂಚಿನಲ್ಲಿ ಶಾಲು ಹೊದ್ದು ಕೂರುತ್ತಾ. "ಉಳಿದ ಹದಿಮೂರೂ ಬೈಯೋಕೆ. ಕೂತ್ಕೋ. ಒಂದೊಂದಾಗಿ ಬೈತೀನಿ."

ನಾನು ಕೂತೆ.