ಕಾಲು ಹಸಿ, ಮುಕ್ಕಾಲು ಬೆಂದದ್ದು

ಊರವರ ತಕ್ಕಡಿಗಳನ್ನೆಲ್ಲ ರಿಪೇರಿ ಮಾಡಿಕೊಟ್ಟ ಯಜಮಾನರಿಗೆ ಮನೆಯೊಳಗೆ ಮಾತ್ರ ಅಂಥ ತೂಕವೇನೂ ಇರಲಿಲ್ಲ. ಹೆಂಡತಿ ಹೇಳಿದ್ದೇ ಮಾತು, ಹಾಕಿದ್ದೇ ಗೆರೆ. ಆದರೆ ನಾಯಿಯ ಊಟದ ವಿಷಯ ಬಂದರೆ ಅವರು ಬ್ರಹ್ಮ ಬಂದು ಹೇಳಿದರೂ ಕೇಳುತ್ತಿರಲಿಲ್ಲ.

ಕಾರಣ, ದೊರೆ. ಮದುವೆಯಾದ ಹೊಸತರಲ್ಲಿ, ಅಂಗಡಿಯ ಹಿಂದಿನ ಒಂದೇ ಕೋಣೆಯ ಮನೆಯಲ್ಲಿ ಸಾಕಿದ್ದ ಕಂದು ನಾಯಿ ಅದು. ಸಂಜೆ ಮಾಂಸದ ಚೂರು ಕಟ್ಟಿಸಿಕೊಂಡು ಬಂದು, ಸಣ್ಣ ತಕ್ಕಡಿಯಲ್ಲಿ ತೂಗಿ, ಕಾಲು ಭಾಗ ಹಸಿ ಮಾಂಸ, ಮುಕ್ಕಾಲು ಭಾಗ ಬೆಂದ ಅನ್ನ-ಗೆಣಸು, ಗುಲಗಂಜಿಯಷ್ಟೂ ಹೆಚ್ಚುಕಡಿಮೆಯಾಗದಂತೆ ಕಲಸಿಟ್ಟು ಯಜಮಾನರು ಸ್ನಾನಕ್ಕೆ ಹೋಗುತ್ತಿದ್ದರು. ಮೈಗಂಟಿದ ಗ್ರೀಸು ಬಿಡಿಸಿಕೊಂಡು ಬರುವಷ್ಟರಲ್ಲಿ ಹೆಂಡತಿ ತಟ್ಟೆ ಇಟ್ಟಿರುತ್ತಿದ್ದಳು. ದೊರೆ ಹದಿನಾರು ವರ್ಷ ಬದುಕಿತು. “ಡಾಕ್ಟರ ಮುಖ ನೋಡದೆ!” ಎಂದು ಯಜಮಾನರು ಅಂದಿನಿಂದ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದರು. (ಕೇಳಿದವರು ಎರಡನೇ ಸಲ ಕಂಡರೆ ರಸ್ತೆ ದಾಟುತ್ತಿದ್ದರು.)

ಈಗ ಮೊಮ್ಮಗಳು ಅಪ್ಪ-ಅಮ್ಮನ ಜೊತೆ ಪ್ರವಾಸ ಹೊರಟವಳು ತನ್ನ ನಾಯಿಮರಿಯನ್ನು ಐದು ದಿನಕ್ಕೆ ಇವರ ಮಡಿಲಿಗೆ ಹಾಕಿದಳು. “ಅಜ್ಜಾ, ನಿನ್ನನ್ನೇ ನಂಬಿದೀನಿ.”

ಅಟ್ಟದಿಂದ ತಕ್ಕಡಿ ಇಳಿಯಿತು.

“ಎಳೇ ಮರಿ, ಬೇಯಿಸಿ ಹಾಕೋಣ ರೀ,” ಎಂದಳು ಹೆಂಡತಿ.

“ಅನುಭವದ ಮುಂದೆ ಅಡುಗೆಮನೆ ಮಾತಾಡಬಾರದು,” ಎಂದು ಅಪ್ಪಣೆ ಕೊಡಿಸಿ, ಯಜಮಾನರು ತಾವೇ ಕಲಸಿ ತಾವೇ ಮರಿಯ ಮುಂದಿಟ್ಟರು. ಮೂರನೇ ದಿನ ಮರಿಯ ಹೊಟ್ಟೆ ಕೆಟ್ಟಿತು. ಅಂಗಳ, ಪಡಸಾಲೆ, ಯಜಮಾನರ ಚಪ್ಪಲಿ, ಯಾವುದನ್ನೂ ಅದು ಬಿಡಲಿಲ್ಲ.

“ಹಸಿ, ಬೆಂದದ್ದು ಎರಡೂ ಸೇರಿಸಿ ಕೊಡೋರಿದ್ದಾರೆ ಸಾರ್. ಕೆಲವು ನಾಯಿಗೆ ಒಗ್ಗುತ್ತೆ, ಇದಕ್ಕೆ ಒಗ್ಗಿಲ್ಲ,” ಎಂದಳು ಪಶುವೈದ್ಯೆ. “ಚೆನ್ನಾಗಿ ಬೇಯಿಸಿ ಕೊಡಿ.”

“ನಮ್ಮ ದೊರೆ ಹದಿನಾರು ವರ್ಷ...” ಎಂದು ಯಜಮಾನರು ಶುರುಮಾಡುವಷ್ಟರಲ್ಲಿ ಹೆಂಡತಿ ತೋಳು ಚಿವುಟಿ ಎಬ್ಬಿಸಿಕೊಂಡು ಬಂದಳು.

ಮನೆಗೆ ಬಂದು ಅವರು ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. “ನಾಡಿದ್ದು ಅವಳು ಬರ್ತಾಳೆ. ಹೀಗೆ ಸೊರಗಿರೋದು ನೋಡಿದ್ರೆ ಇನ್ನು ಜನ್ಮದಲ್ಲಿ ನನ್ನನ್ನ ನಂಬಲ್ಲ ಕಣೇ.” ಅದರ ಬೆನ್ನು ಸವರಿದರು. “ಆದ್ರೂ ನನ್ನ ಲೆಕ್ಕ ತಪ್ಪಲ್ಲ. ದೊರೆ...”

“ದೊರೆ ಹಸಿ ತಿಂದದ್ದು ಒಂದೇ ಒಂದು ದಿನ!”

ಯಜಮಾನರು ಮರಿಯನ್ನು ಕೆಳಗಿಳಿಸಿ ಹೆಂಡತಿಯ ಕಡೆ ತಿರುಗಿದರು.

“ಮೊದಲನೇ ದಿನವೇ ಅದು ವಾಂತಿ ಮಾಡ್ಕೊಳ್ತು. ಆಮೇಲೆ ನೀವು ಬಚ್ಚಲಿಗೆ ಹೋದ ತಕ್ಷಣ ಎಲ್ಲಾನೂ ಪಾತ್ರೆಗೆ ಸುರಿದು ಒಲೆ ಮೇಲಿಡ್ತಿದ್ದೆ.”

“ಹದಿನಾರು ವರ್ಷ?”

“ಹದಿನಾರು ವರ್ಷ.”

“ಹೇಳಬಾರದಿತ್ತೇನೇ?”

“ಹೇಗೆ ಹೇಳ್ಲಿ? ಬೆಳಗಿಂದ ಕಂಡೋರ ಕೈಲೆಲ್ಲ ಬೈಸಿಕೊಂಡು ಬರ್ತಿದ್ರಿ. ಆ ತಟ್ಟೆ ಕಲಸೋವಾಗ ಮಾತ್ರ ನಿಮ್ಮ ಮುಖದಲ್ಲಿ ನಗು ಇರ್ತಿತ್ತು.”

ಯಜಮಾನರಿಗೆ ಅನುಮಾನ ಬಂತು. “ನನ್ನ ಸ್ನಾನ ಹತ್ತು ನಿಮಿಷ. ಅಷ್ಟರಲ್ಲಿ ಮಾಂಸ ಬೇಯುತ್ತಾ?”

“ಬೇಯಲ್ಲ. ಅದಕ್ಕೇ ಬಚ್ಚಲ ಬಾಗಿಲಿಗೆ ಬಂದು ‘ಇನ್ನೊಂದು ಹಾಡು ಹೇಳಿ ರೀ’ ಅಂತಿದ್ದೆ.”

ದೊರೆಯ ಕೀರ್ತಿ ಹೋದರೆ ಹೋಗಲಿ. ಆ ಒಂದು ಕೋಣೆಯ ಮನೆಯಲ್ಲಿ, ಮೈತುಂಬ ಸೋಪಿನ ನೊರೆ ಹೊತ್ತು, ತಮ್ಮ ಕಂಠಕ್ಕೂ ಲೋಕದಲ್ಲಿ ಒಬ್ಬಳು ಅಭಿಮಾನಿ ಇದ್ದಾಳೆಂದು ನಂಬಿ ಹಾಡಿದ ಹಾಡುಗಳು ಎಷ್ಟು! ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದರೂ ಅವಳಿಗಾಗಿ ಮತ್ತೊಂದು, ಮಗದೊಂದು. ಒಂದೇ ಏಟಿಗೆ ವಿಜ್ಞಾನವೂ ಸಂಗೀತವೂ ಮಣ್ಣುಪಾಲಾದವು. ಯಜಮಾನರಿಗೆ ನಿಜಕ್ಕೂ ಅಳು ಬಂತು.

ಮಾರನೆಯ ಸಂಜೆ ಅವರು ಎಲ್ಲವನ್ನೂ ತೂಗಿ, ಕಲಸಿ, ಹೆಂಡತಿಯ ಕೈಗೆ ಕೊಟ್ಟು, ಬೆಳಿಗ್ಗೆ ಒಮ್ಮೆ ಸ್ನಾನವಾಗಿದ್ದರೂ ಬಚ್ಚಲು ಹೊಕ್ಕರು. ಒಳಗಿನಿಂದ ಚೆಂಬಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಸುಮಾರು ಹೊತ್ತಾದ ಮೇಲೆ ಬಾಗಿಲು ಬಡಿದ ಸದ್ದಾಯಿತು.

“ಏನ್ರೀ, ಒಂದು ಹಾಡು ಹೇಳಿ.”

“ಇನ್ನೂ ಬೆಂದಿಲ್ವಾ?”

“ಬೆಂದು, ಆರಿ, ಮರಿ ತಟ್ಟೆ ನೆಕ್ಕಿದ್ದೂ ಆಯ್ತು. ನೀವು ಹಾಡಿ.”

ಯಜಮಾನರು ಕೆಮ್ಮಿ ಗಂಟಲು ಸರಿಮಾಡಿಕೊಂಡು ಹಾಡು ಎತ್ತಿಕೊಂಡರು. ಎರಡನೇ ಸಾಲಿಗೆ ಬಾಗಿಲಾಚೆ ಮರಿ ಊಳಿಡಲು ಶುರುಮಾಡಿತು. ಹೆಂಡತಿ ಬಿದ್ದುಬಿದ್ದು ನಗುವುದೂ ಕೇಳಿಸಿತು. ಆದರೆ ಅವಳು ಅಲ್ಲಿಂದ ಕದಲಲಿಲ್ಲ.